ಓದುಗರ ಪ್ರಶ್ನೆ: ಎಕ್ಸ್‌ಪೋರ್ಟ್‌ಗೆ ಮರದ ಪ್ಯಾಲೆಟ್ಟೋ, ಪ್ಲಾಸ್ಟಿಕ್ಕೋ?

"ಸರ್, ಮೊದಲ ಸಲ ಯುರೋಪಿಗೆ ಮೆಷಿನ್ ಪಾರ್ಟ್ಸ್ ಕಳಿಸ್ತಿದ್ದೇವೆ. ಪ್ಲಾಸ್ಟಿಕ್ ಪ್ಯಾಲೆಟ್ಟೇ ಆಗಬೇಕಂತೆ, ಹೌದಾ?" ಪೀಣ್ಯದಿಂದ ಬಂದ ಪ್ರಶ್ನೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪ್ಯಾಲೆಟ್ (ಸರಕು ಪೇರಿಸಿ ಒಟ್ಟಿಗೇ ಎತ್ತಿ ಸಾಗಿಸಲು ಅಡಿಗಿಡುವ ಚಪ್ಪಟೆ ಹಲಗೆ) ವಾಪಸ್ ಬರುವುದಿಲ್ಲ ಅಂದರೆ ಮರದ್ದು ತಗೊಳ್ಳಿ. ನಿಮ್ಮದೇ ಎರಡು ಗೋಡೌನ್ ನಡುವೆ ವರ್ಷಗಟ್ಟಲೆ ಓಡಾಡುತ್ತೆ, ಇಲ್ಲವೇ ತೊಳೆದು ತೊಳೆದು ಬಳಸಬೇಕು ಅಂದರೆ ಪ್ಲಾಸ್ಟಿಕ್. ವಿಮಾನದಲ್ಲಿ ಹೋಗುವ ಸರಕಿಗೆ ಹಗುರವಾದ ಪ್ಲಾಸ್ಟಿಕ್ ಪ್ಯಾಲೆಟ್ ಹಾಕಿದರೆ ತೂಕದ ದುಡ್ಡು ಉಳಿಯುತ್ತೆ. ನಿಮ್ಮಂಥ ಭಾರದ ಪಾರ್ಟ್ಸ್‌ಗೆ ಮರವೇ ಅನುಕೂಲ. ಮೊಳೆ ಹೊಡೆದು ಬೆಣೆ ಕೂರಿಸಬಹುದು, ಪ್ಲಾಸ್ಟಿಕ್ ಮೇಲೆ ಅದು ಆಗಲ್ಲ.

ಈಗ ಆ "ಆಗಬೇಕಂತೆ" ವಿಷಯಕ್ಕೆ ಬರೋಣ. ಮರ ಹಾಕಿದರೆ ಹೊರದೇಶದ ಬಂದರಿನಲ್ಲಿ ಹಿಡೀತಾರೆ ಅನ್ನುವ ಮಾತು ಸುಳ್ಳು. ಹಿಡಿಯುವುದು ಹುಳು ಸಾಯಿಸುವ ಟ್ರೀಟ್‌ಮೆಂಟ್ ಆಗದ ಮರವನ್ನು. ಇವೆರಡಕ್ಕೂ ಅಜಗಜಾಂತರ.

ನಿಯಮ ಯಾಕೆ ಬಂತು ಗೊತ್ತಾದರೆ ಈ ಗೊಂದಲ ಇರಲ್ಲ. ಮರ ಕೊರೆಯುವ ಹುಳು ಹಲಗೆಯೊಳಗೆ ಕೂತು ದೇಶ ದಾಟುತ್ತದೆ. ಉದ್ದ ಮೀಸೆಯ ಒಂದು ಏಷ್ಯಾದ ದುಂಬಿ 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಿಕ್ಕಿತು. ಅದನ್ನು ತಡೆಯಲು ಅಮೆರಿಕದಲ್ಲಿ ಸಾವಿರಾರು ಮರ ಕಡಿಯಬೇಕಾಯಿತು. 2002ರಲ್ಲಿ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮ ಬಂತು. ಅದು ಮರ ಬೇಡ ಅನ್ನುವುದಿಲ್ಲ. ಹಲಗೆಯ ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ಎಡೆಬಿಡದೆ 30 ನಿಮಿಷ ಇರಬೇಕು, ಇಲ್ಲವೇ ಒಪ್ಪಿದ ಬೇರೆ ವಿಧಾನದಲ್ಲಿ ಟ್ರೀಟ್‌ಮೆಂಟ್ ಆಗಬೇಕು ಅನ್ನುತ್ತದೆ, ಅಷ್ಟೇ. ಆಮೇಲೆ ಸೀಲು ಬೀಳುತ್ತದೆ. ಗೋಧಿ ತೆನೆಯ ಗುರುತು, ಭಾರತಕ್ಕೆ 'ಐಎನ್', ಘಟಕದ ನಂಬರು, ಶಾಖ ಕೊಟ್ಟಿದ್ದಕ್ಕೆ 'ಎಚ್‌ಟಿ'. ಪ್ಲೈವುಡ್‌ಗಂತೂ ಈ ನಿಯಮವೇ ಇಲ್ಲ, ಅದನ್ನು ಅಂಟು, ಶಾಖ, ಒತ್ತಡದಲ್ಲೇ ತಯಾರಿಸುವುದು.

ಸೀಲಿಗೆ ಆರು ತಿಂಗಳ ಎಕ್ಸ್‌ಪೈರಿ ಅಂತ ಹೇಳಿ ಮತ್ತೆ ದುಡ್ಡು ಕೇಳುವವರಿದ್ದಾರೆ. ಕೊಡಬೇಡಿ. ಸೀಲಿಗೆ ಎಕ್ಸ್‌ಪೈರಿ ಇಲ್ಲ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಲಗೆ ಬದಲಾಯಿಸಿದರೆ ಮಾತ್ರ ಹಳೇ ಸೀಲು ಅಳಿಸಿ ಮತ್ತೆ ಟ್ರೀಟ್‌ಮೆಂಟ್ ಮಾಡಿಸಬೇಕು.

ಹಾಗಾದರೆ ಹಿಡಿದ ಕಥೆಗಳೆಲ್ಲ ಎಲ್ಲಿಂದ ಬಂದವು? ನಮ್ಮದೇ ಒಂದು ಕಂಟೇನರ್ ಹೊರದೇಶದ ಬಂದರಿನಲ್ಲಿ ನಿಂತಿತ್ತು. ಹನ್ನೆರಡು ಪ್ಯಾಲೆಟ್, ಎಲ್ಲದರ ಮೇಲೂ ಅಚ್ಚುಕಟ್ಟಾದ ಸೀಲು. ಲೋಡಿಂಗ್ ದಿನ ಸರಕು ಅಲುಗಾಡದಿರಲಿ ಅಂತ ಹುಡುಗರು ಗೋಡೌನ್ ಮೂಲೆಯಲ್ಲಿದ್ದ ನಾಲ್ಕು ಮರದ ತುಂಡು ತಂದು ಸಂದಿಗೆ ಬಡಿದಿದ್ದರು. ಒಂದರ ಮೇಲೆ ಇನ್ನೂ ತೊಗಟೆ ಇತ್ತು. ಅಲ್ಲಿಂದ ಬಂದ ಫೋಟೋದಲ್ಲಿ ಆ ತುಂಡಿನ ಸುತ್ತಲೇ ಕೆಂಪು ಗೆರೆ ಎಳೆದಿದ್ದರು. ಬೆಣೆ, ಅಡ್ಡಪಟ್ಟಿ, ಅಡಿಗಿಡುವ ತುಂಡು, ಎಲ್ಲಕ್ಕೂ ಸೀಲು ಬೇಕು. ಸುದ್ದಿ ಊರಿಗೆ ಬರುವಷ್ಟರಲ್ಲಿ "ಮರ ಹಾಕಿದ್ದಕ್ಕೆ ಹಿಡಿದ್ರು" ಅಂತಾಗಿತ್ತು.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಎಚ್‌ಟಿ ಆದ ಮರ ಒಣಗಿದ ಮರ ಅಲ್ಲ. ಅರ್ಧ ಗಂಟೆಯ ಶಾಖಕ್ಕೆ ಹುಳು ಸಾಯುತ್ತೆ, ಆದರೆ ಹಸಿ ಹಲಗೆಯೊಳಗಿನ ನೀರು ಹಾಗೇ ಇರುತ್ತೆ. ಮುಚ್ಚಿದ ಕಂಟೇನರಿನಲ್ಲಿ ಹಗಲು ಕಾವಿಗೆ ಆ ನೀರು ಆವಿಯಾಗಿ, ರಾತ್ರಿ ತಗಡು ತಣ್ಣಗಾದಾಗ ಚಾವಣಿಯಿಂದ ಹನಿ ಹನಿಯಾಗಿ ಸರಕಿನ ಮೇಲೆ ಬೀಳುತ್ತೆ. ರಟ್ಟಿನ ಪೆಟ್ಟಿಗೆಗೆ ಬೂಸ್ಟು, ನಿಮ್ಮ ಪಾರ್ಟ್ಸ್‌ಗೆ ತುಕ್ಕು. ಮಳೆಗಾಲದಲ್ಲಿ ಪ್ಯಾಲೆಟ್ ಬಯಲಲ್ಲಿ ಪೇರಿಸಿಟ್ಟಿದ್ದರೆ ಇನ್ನೂ ಕಷ್ಟ. ಆದ್ದರಿಂದ ಆರ್ಡರ್ ಕೊಡುವಾಗ ಸೀಲಿನ ಜೊತೆ ತೇವಾಂಶವನ್ನೂ ಬರೆಸಿ. ಮಾಲು ಇಳಿಸುವ ಮುಂಚೆ ಎರಡು ಮೂರು ಹಲಗೆಗೆ ತೇವಾಂಶದ ಮೀಟರಿನ ಸೂಜಿ ಚುಚ್ಚಿ ನೋಡಿ. 20 ಪರ್ಸೆಂಟ್ ದಾಟಿದರೆ ಆ ಗಾಡಿಯನ್ನು ಹಾಗೇ ವಾಪಸ್ ಕಳಿಸಿ.