ಇಮೋಜಿ: ಟೀಚರ್‌ಗೆ ಎರಡು ಕೈ

‘ಟೀಚರ್, ನೀನು ನಾಳೆ ಬರ್ತೀಯಾ?’

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಭಾನುವಾರದ ಕನ್ನಡ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗ ಹೀಗೆ ಕೇಳಿದ್ದ. ಪಕ್ಕದಲ್ಲಿ ಮುಗಿದ ಕೈಗಳ ಇಮೋಜಿ. ಅವನಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮುಂಬೈ ಹಿಂದಿ. ‘ಬರ್ತೀರಾ’ ಇನ್ನೂ ನಾಲಿಗೆಗೆ ಹತ್ತಿಲ್ಲ. ಮರ್ಯಾದೆ ಕೊಡಬೇಕು ಅಂತ ಮಾತ್ರ ಗೊತ್ತು. ಮಾತಲ್ಲಿ ತಪ್ಪಿದ ಬಹುವಚನವನ್ನು ಆ ಕೈಗಳು ತುಂಬಿಕೊಟ್ಟಿದ್ದವು.

ಇಮೋಜಿ ಜಪಾನಿ ಪದ. ‘ಎ’ ಅಂದರೆ ಚಿತ್ರ, ‘ಮೋಜಿ’ ಅಂದರೆ ಅಕ್ಷರ. ಇಂಗ್ಲಿಷಿನ ‘ಎಮೋಷನ್’ಗೂ ಇದಕ್ಕೂ ನಂಟಿಲ್ಲ, ಸುಮ್ನೆ ಹಾಗೆ ಕೇಳಿಸುತ್ತದೆ ಅಷ್ಟೆ. 1999ರಲ್ಲಿ ಎನ್‌ಟಿಟಿ ಡೊಕೊಮೊ ಅನ್ನುವ ಜಪಾನಿನ ಮೊಬೈಲ್ ಕಂಪನಿಗಾಗಿ ಶಿಗೆತಾಕಾ ಕುರಿತಾ 176 ಚಿತ್ರ ಮಾಡಿದರು. ಒಂದೊಂದೂ 12 ಚುಕ್ಕಿ ಅಗಲ, 12 ಚುಕ್ಕಿ ಎತ್ತರ. ನಮ್ಮ ಚುಕ್ಕಿ ರಂಗೋಲಿ ಥರ! 2010ರಲ್ಲಿ ಇಮೋಜಿಗಳು, ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಸೇರಿದವು. ‘ಕ’ ಅಕ್ಷರಕ್ಕೆ ಇರುವ ಹಾಗೆ ನಗುಮುಖಕ್ಕೂ ಒಂದು ಸಂಖ್ಯೆ ಬಂತು. ನಮ್ಮ ಫೋನಿನಿಂದ ಹೋಗುವುದು ಆ ಸಂಖ್ಯೆ, ಚಿತ್ರ ಬಿಡಿಸುವುದು ಎದುರಿನ ಫೋನು. ಅದಕ್ಕೇ ಒಂದೇ ಮುಖ ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ.

ಅರ್ಥವೂ ಹಾಗೆಯೇ, ಓದುವವರ ಮೇಲೆ ನಿಂತಿದೆ. ಜಪಾನಿನಲ್ಲಿ ಮುಗಿದ ಕೈ ಅಂದರೆ ‘ದಯವಿಟ್ಟು’ ಅಥವಾ ‘ಥ್ಯಾಂಕ್ಸ್’. ನಮ್ಮ ಗ್ರೂಪಿನಲ್ಲಿ ಅಪ್ಪ-ಅಮ್ಮಂದಿರಿಗೆ ಅದು ನಮಸ್ಕಾರ, ಮಕ್ಕಳಿಗೆ ‘ಹೋಂವರ್ಕ್ ಮುಂದಿನ ವಾರ ಕೊಡ್ತೀನಿ’.

ಹೆಬ್ಬೆರಳಿನ ಕಥೆ ಬೇರೆ. ‘ನೋಡಿದೆ, ಸರಿ’ ಅನ್ನಲು ನಾನು ಬರೀ ಹೆಬ್ಬೆರಳು ಹಾಕುತ್ತಿದ್ದೆ. ಹತ್ತನೇ ಕ್ಲಾಸಿನ ಹುಡುಗಿ ಒಂದು ದಿನ ಕೇಳಿದಳು, ‘ಟೀಚರ್, ನನ್ನ ಮೇಲೆ ಕೋಪಾನಾ?’ ಅವಳ ವಯಸ್ಸಿನವರಿಗೆ ಬರೀ ಹೆಬ್ಬೆರಳು ಅಂದರೆ ‘ಸಾಕು, ಜಾಸ್ತಿ ಮಾತು ಬೇಡ’ ಅಂತೆ. ಇನ್ನೊಮ್ಮೆ ನನ್ನ ಜೋಕಿಗೆ ತಲೆಬುರುಡೆ ಬಂತು. ಗಾಬರಿಯಾಗಿ ವಿಚಾರಿಸಿದರೆ, ‘ನಕ್ಕು ನಕ್ಕು ಸತ್ತೆ’ ಅಂತ ಅರ್ಥ!

ಎದುರಿಗೆ ಕೂತು ‘ನಿನ್ನೆ ಯಾಕೆ ಬರಲಿಲ್ಲ?’ ಅಂದರೆ ದನಿಯಲ್ಲೇ ಅಕ್ಕರೆ ತಿಳಿಯುತ್ತದೆ. ಬರೆದು ಕಳಿಸಿದರೆ ಅದೇ ಮಾತು ಗದರಿದ ಹಾಗಿರುತ್ತದೆ, ಅಲ್ವಾ? ಒಂದು ಸಣ್ಣ ನಗುಮುಖ ಸೇರಿಸಿದರೆ ಮಗು ಧೈರ್ಯವಾಗಿ ಉತ್ತರ ಬರೆಯುತ್ತದೆ. ಆದರೆ ಕಮ್ಮಿ ಮಾರ್ಕ್ಸ್ ಬಂದ ಸುದ್ದಿಗೆ ನಾನು ನಗುಮುಖ ಹಾಕುವುದಿಲ್ಲ. ಅಣಕಿಸಿದ ಹಾಗಾಗುತ್ತದೆ.

ಆ ಹುಡುಗನಿಗೆ, ‘ಬರ್ತೀನಿ. ಟೀಚರ್‌ಗೆ ನೀವು ಅನ್ನಬೇಕು’ ಅಂತ ಬರೆದು ನಗುಮುಖ ಹಾಕಿದೆ. ತಕ್ಷಣ ಉತ್ತರ ಬಂತು: ‘ಸಾರಿ ಟೀಚರ್. ನೀವು ಎಷ್ಟು ಗಂಟೆಗೆ ಬರ್ತೀಯಾ?’ ಈ ಸಲ ಮೂರು ಜೊತೆ ಕೈ.