ಹಲ್ಲಿಯ ಹಿಂಗಾಲನ್ನು ಎಳೆಯುವ ಸ್ನಾಯು ಬಾಲದಲ್ಲಿದೆ

ಹಲ್ಲಿ, ಓತಿಕ್ಯಾತ, ಇಗುವಾನಗಳ ಹಿಂಗಾಲಿನ ಸ್ನಾಯು ಓದಲು ಹೊರಟವರು ತೊಡೆಯಿಂದ ಶುರು ಮಾಡಬೇಡಿ, ಬಾಲದ ಬುಡದಿಂದ ಶುರು ಮಾಡಿ. ನಮ್ಮ ತೊಡೆಯನ್ನು ಹಿಂದಕ್ಕೆ ಎಳೆಯುವ ಮುಖ್ಯ ಸ್ನಾಯು ಪೃಷ್ಠದಲ್ಲಿದೆ. ಇವುಗಳಲ್ಲಿ ಆ ಕೆಲಸದ ದೊಡ್ಡ ಪಾಲು ಕಾಡೊಫೆಮೊರಾಲಿಸ್ ಲಾಂಗಸ್ ಎಂಬ ಸ್ನಾಯುವಿನದು. ಬಾಲದ ಕಶೇರುಗಳ (ಬೆನ್ನೆಲುಬಿನ ಮಣಿಗಳ) ಪಕ್ಕದಲ್ಲಿ ಹುಟ್ಟಿ, ಮುಂದಕ್ಕೆ ಬಂದು, ತೊಡೆಮೂಳೆಯ ಮೇಲ್ತುದಿಯ ಹತ್ತಿರ ಸೇರಿಕೊಳ್ಳುತ್ತದೆ. ಅದು ಸಂಕುಚಿಸಿದಾಗ ತೊಡೆ ಹಿಂದಕ್ಕೆ ಹೋಗುವುದಷ್ಟೇ ಅಲ್ಲ, ತನ್ನ ಅಕ್ಷದ ಮೇಲೆ ತಿರುಗುತ್ತದೆ ಕೂಡ. ಕಾಲು ಪಕ್ಕಕ್ಕೆ ಚಾಚಿ ನಡೆಯುವ ಪ್ರಾಣಿಗೆ ಈ ತಿರುವೇ ಅರ್ಧ ಹೆಜ್ಜೆ.

ಛೇದನ ಮಾಡುವಾಗ ಚರ್ಮ ಬಿಡಿಸಿದ ತಕ್ಷಣ ಈ ಸ್ನಾಯು ಕಾಣುವುದಿಲ್ಲ. ಮೇಲೆ ತುಂಡುತುಂಡಾಗಿ ಜೋಡಿಸಿದಂತಿರುವ ಇಲಿಯೊ-ಇಸ್ಕಿಯೊಕಾಡಾಲಿಸ್ ಎಂಬ ಇನ್ನೊಂದು ಸ್ನಾಯುವಿನ ಹೊದಿಕೆ, ನಡುವೆ ಕೊಬ್ಬು. ಇವನ್ನು ಸರಿಸಿದರೆ ಹಿಂದಕ್ಕೆ ಚೂಪಾಗುತ್ತಾ ಹೋಗುವ ಕದಿರಿನಾಕಾರದ ಸ್ನಾಯು ಸಿಗುತ್ತದೆ. ಗಂಡಿನಲ್ಲಿ ಎಚ್ಚರ ಬೇಕು: ಹೆಮಿಪೀನಿಸ್ (ಗಂಡಿನ ಜನನಾಂಗ) ಮತ್ತು ಅದನ್ನು ಒಳಕ್ಕೆಳೆಯುವ ಸ್ನಾಯು ಅಲ್ಲೇ ಪಕ್ಕದಲ್ಲಿವೆ. ಅನುಮಾನ ಬಂದರೆ ಚಿಮುಟದಿಂದ ಮೆಲ್ಲಗೆ ಎಳೆದು ನೋಡಿ. ತೊಡೆ ಅಲುಗಿದರೆ ನೀವು ಹಿಡಿದಿರುವುದು ಸರಿಯಾದ ಸ್ನಾಯು.

ನಾನು ಮೊದಲ ಸಲ ಕಳೆದುಕೊಂಡದ್ದು ಅದರ ಎರಡನೆಯ ರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ). ತೊಡೆಮೂಳೆಗೆ ಅಂಟುವ ಗಟ್ಟಿ ರಜ್ಜುವಿನಿಂದ ದಾರದಷ್ಟು ತೆಳುವಾದ ಕವಲೊಂದು ತೊಡೆಯ ಹಿಂಬದಿಯಲ್ಲಿ ಮೊಣಕಾಲಿನವರೆಗೆ ಹೋಗುತ್ತದೆ. ಪೊರೆ ಎಂದುಕೊಂಡು ಕತ್ತರಿಸಿಬಿಟ್ಟೆ. ಆ ಮಾದರಿಯಲ್ಲಿ ಅದನ್ನು ಮತ್ತೆ ನೋಡಲು ಆಗಲೇ ಇಲ್ಲ. ಅಲ್ಲಿ ಕತ್ತರಿ ಬೇಡ, ಮೊಂಡು ಸೂಜಿಯೇ ಸಾಕು.

ಬಾಲ ಕಳಚುವ ಗುಣಕ್ಕೂ ಈ ಸ್ನಾಯುವಿಗೂ ನಂಟಿದೆ. ಬಾಲ ಮುರಿಯುವುದು ಎರಡು ಕಶೇರುಗಳ ನಡುವೆ ಅಲ್ಲ. ಹೆಚ್ಚಿನ ಹಲ್ಲಿಗಳಲ್ಲಿ ಒಂದೇ ಕಶೇರುವಿನೊಳಗಿರುವ ಬಿರುಕಿನ ಸಾಲಿನಲ್ಲಿ. ಬುಡದ ಮೊದಲ ಕೆಲವು ಕಶೇರುಗಳಿಗೆ ಆ ಸಾಲು ಇರುವುದಿಲ್ಲ. ಕಾಲಿನ ಸ್ನಾಯು ನೆಚ್ಚಿಕೊಂಡಿರುವುದು ಮುಖ್ಯವಾಗಿ ಆ ಭಾಗವನ್ನೇ. ಇದನ್ನು ಅರ್ಥಮಾಡಿಕೊಂಡ ದಿನ ನನಗೆ ಇಡೀ ಬಾಲವೇ ಬೇರೆಯಾಗಿ ಕಂಡಿತು.

ಅಳತೆಯ ವಿಷಯ. ಸ್ನಾಯುವಿನ ಬಲ ಅಂದಾಜಿಸಲು ಬರೀ ತೂಕ ಸಾಲದು. ತೂಕವನ್ನು ಸಾಂದ್ರತೆಯಿಂದ (ಪ್ರತಿ ಘನ ಸೆಂ.ಮೀ.ಗೆ ಸುಮಾರು 1.06 ಗ್ರಾಂ) ಭಾಗಿಸಿದರೆ ಗಾತ್ರ, ಅದನ್ನು ನಾರಿನ ಉದ್ದದಿಂದ ಭಾಗಿಸಿದರೆ ಕಾರ್ಯಕಾರಿ ಅಡ್ಡಕೊಯ್ತದ ವಿಸ್ತೀರ್ಣ; ಬಲ ಅಂದಾಜಿಸುವುದು ಇದರಿಂದಲೇ. 1.06 ಗ್ರಾಂ ಸ್ನಾಯುವಿನ ನಾರು 2 ಸೆಂ.ಮೀ. ಇದ್ದರೆ 0.5 ಚದರ ಸೆಂ.ಮೀ. ನಾರು ಓರೆಯಾಗಿದ್ದರೆ ಆ ಕೋನದ ಕೊಸೈನ್‌ನಿಂದ ಗುಣಿಸಬೇಕು. ನಾರು ಉದ್ದವಿದ್ದಷ್ಟೂ ಹೆಚ್ಚು ದೂರ ಎಳೆಯಬಲ್ಲದು, ಆದರೆ ಅದೇ ತೂಕಕ್ಕೆ ಬಲ ಕಡಿಮೆ.

ನಮ್ಮ ದೇಶದ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಛೇದನಕ್ಕೆ ಯುಜಿಸಿ 2011ರಲ್ಲಿ ಕಡಿವಾಣ ಹಾಕಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಪಾಠಕ್ಕೆಂದು ಓತಿಕ್ಯಾತ ಹಿಡಿದು ಕೊಲ್ಲುವುದು ನಿಂತದ್ದು ಒಳ್ಳೆಯದೇ ಆಯಿತು. ಸಂಗ್ರಹಾಲಯದ ಹಳೆಯ ಮಾದರಿಯನ್ನು ಅಯೋಡಿನ್ ದ್ರಾವಣದಲ್ಲಿ ನೆನೆಸಿ ಸಿಟಿ ಸ್ಕ್ಯಾನ್ ಮಾಡಿದರೆ ಕತ್ತರಿ ಹಾಕದೆಯೇ ಸ್ನಾಯು ಎದ್ದು ಕಾಣುತ್ತದೆ. ರಜ್ಜು ಮಾತ್ರ ಅಷ್ಟು ಬಣ್ಣ ಹೀರದು. ಹಾಗಾಗಿ ಮೊಣಕಾಲಿನ ಆ ದಾರವನ್ನು ಸ್ಕ್ಯಾನ್‌ನಲ್ಲಿ ಹುಡುಕುವಾಗ ಸ್ನಾಯು ಮುಗಿಯುವ ತುದಿಯಿಂದ ಒಂದೊಂದೇ ಪದರವಾಗಿ ಮುಂದೆ ಸಾಗಿ.