ಬಸ್ಸಾರು ಅಜ್ಜಿಗೆ, ಕಾಳು ಯಾರಿಗೆ?

ಮಂಡ್ಯ ಕಡೆಯ ಅಜ್ಜಿಯೊಬ್ಬರನ್ನು ಸೊಸೆ ನನ್ನ ಹತ್ತಿರ ಕರೆತಂದಿದ್ದರು. 71 ವರ್ಷ, 52 ಕಿಲೋ ತೂಕ. ಶುಗರ್ ಇಲ್ಲ, ಬಿಪಿ ಹತೋಟಿಯಲ್ಲಿತ್ತು. ಕೂತರೆ ಏಳೋಕಾಗಲ್ಲ ಅನ್ನೋದೇ ಕಷ್ಟ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಅಂದೆ. 19 ಸೆಕೆಂಡ್ ಹಿಡಿಯಿತು. ಏಷ್ಯಾದವರ ಮಟ್ಟಿಗೆ 12 ಸೆಕೆಂಡ್ ದಾಟಿದರೆ ಸ್ನಾಯುಗಳು ಸೊರಗುತ್ತಿವೆಯೇ ಅಂತ ನೋಡುತ್ತೇವೆ.

ದಿನದ ಊಟ ಕೇಳಿದೆ. ಬೆಳಿಗ್ಗೆ ಕಾಫಿ, ಎರಡು ಬಿಸ್ಕತ್ತು, ಆಮೇಲೆ ಒಂದಿಷ್ಟು ಉಪ್ಪಿಟ್ಟು. ಮಧ್ಯಾಹ್ನ ಮುದ್ದೆ, ಬಸ್ಸಾರು. ರಾತ್ರಿ ತಿಳಿಸಾರು ಅನ್ನ. "ಬಸ್ಸಾರಿನ ಕಾಳು?" ಅಂದೆ. "ಅದು ಮಗನಿಗೆ ಪಲ್ಯ. ನನಗೆ ಗ್ಯಾಸ್ ಆಗ್ತದೆ ಕಣಮ್ಮ, ಹಲ್ಲೂ ಇಲ್ಲ." ಬಸಿದ ನೀರು ಅಜ್ಜಿಯ ತಟ್ಟೆಗೆ, ಕಾಳು ಮಗನ ತಟ್ಟೆಗೆ! ಲೆಕ್ಕ ಹಾಕಿದರೆ ದಿನಕ್ಕೆ 30 ಗ್ರಾಂ ಪ್ರೋಟೀನ್ ಕೂಡ ಆಗಲಿಲ್ಲ. ಈ ವಯಸ್ಸಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಅಂದರೆ ಅವರಿಗೆ 52ರಿಂದ 62 ಗ್ರಾಂ.

"ವಯಸ್ಸಾದವರು ಹಗುರವಾಗಿ ತಿನ್ನಬೇಕು ಅಲ್ವಾ ಮೇಡಂ?" ಅಂದರು ಸೊಸೆ. ಈ ಮಾತು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಹಗುರ ಮಾಡಲು ಹೊರಟವರು ಅನ್ನ ತೆಗೆಯಲ್ಲ, ಮೊದಲು ಕಾಳು, ಮೊಟ್ಟೆ, ಹಾಲು ತೆಗೆಯುತ್ತಾರೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಅದರಲ್ಲಿ ಒಂಬತ್ತನ್ನು ನಮ್ಮ ದೇಹ ತಯಾರಿಸಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಲೈಸಿನ್ ಒಂದು, ಅದು ಅನ್ನದಲ್ಲೂ ರಾಗಿಯಲ್ಲೂ ಕಡಿಮೆ. ಕಾಳಲ್ಲಿ ಲೈಸಿನ್ ಧಾರಾಳ, ಆದರೆ ಒಂಬತ್ತರಲ್ಲಿ ಮತ್ತೊಂದಾದ ಮೆಥಿಯೊನಿನ್ ಕಡಿಮೆ. ಅದನ್ನು ರಾಗಿ ತುಂಬಿಕೊಡುತ್ತದೆ. ಮುದ್ದೆಗೆ ಕಾಳು ಒಳ್ಳೆ ಜೋಡಿ, ಆದರೆ ಕಾಳು ಹೊಟ್ಟೆಗೆ ಹೋಗಬೇಕಲ್ಲ.

ಆ ಒಂಬತ್ತರಲ್ಲಿ ಇನ್ನೊಂದು ಲ್ಯೂಸಿನ್. ಇಟ್ಟಿಗೆ ತಂದು ಸುರಿದರೆ ಗೋಡೆ ಏಳುತ್ತದೆಯೇ? ಮೇಸ್ತ್ರಿಯನ್ನು ಎಬ್ಬಿಸಬೇಕು. ಸ್ನಾಯುವಿನ ಮೇಸ್ತ್ರಿಯನ್ನು ಎಬ್ಬಿಸುವುದು ಲ್ಯೂಸಿನ್. ವಯಸ್ಸಾದಂತೆ ಮೇಸ್ತ್ರಿಗೆ ಕಿವಿ ಮಂದ, ಜೋರಾಗಿ ಕೂಗಬೇಕು. ಹಾಗಾಗಿ ಇಡೀ ದಿನದ ಪ್ರೋಟೀನನ್ನು ಚೂರು ಚೂರಾಗಿ ಹಂಚುವ ಬದಲು ಎರಡು ಮೂರು ಹೊತ್ತು 20–25 ಗ್ರಾಂನಂತೆ ಸಿಗುವಂತೆ ನೋಡಿಕೊಳ್ಳಿ ಅನ್ನುತ್ತೇನೆ. ಲ್ಯೂಸಿನ್ ಇರುವ ಬಿಸಿಎಎ (ಅಮೈನೋ ಆಮ್ಲಗಳ ಪುಡಿ) ಡಬ್ಬಿ ತರಲೇ ಅಂತ ಅಜ್ಜಿಯ ಮಗ ಫೋನ್ ಮಾಡಿ ಕೇಳಿದ. ಬೇಡ ಅಂದೆ. ಅದರಲ್ಲಿರುವುದು ಮೂರೇ ಆಮ್ಲ, ಉಳಿದ ಆರು ಎಲ್ಲಿಂದ ಬರಬೇಕು? ಸುಮ್ನೆ ದುಡ್ಡು ದಂಡ.

ನಾವು ಬದಲಿಸಿದ್ದು ಇಷ್ಟೇ. ಉಪ್ಪಿಟ್ಟಿನ ಬದಲು ಹೆಸರುಬೇಳೆ ದೋಸೆ, ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು. ಮಧ್ಯಾಹ್ನ ಮೊಳಕೆ ಕಟ್ಟಿದ ಕಾಳನ್ನು ಕುಕ್ಕರ್‌ನಲ್ಲಿ ನಾಲ್ಕು ವಿಶಲ್ ಜಾಸ್ತಿ ಕೂಗಿಸಿ, ಮಸೆದು ಸಾರಿಗೇ ಸೇರಿಸುವುದು. ಮೊದಲ ವಾರ ಎರಡೇ ಚಮಚ, ಆಮೇಲೆ ನಿಧಾನಕ್ಕೆ ಹೆಚ್ಚು. ರಾತ್ರಿ ಎರಡು ಮೊಟ್ಟೆ, ಸೋಮವಾರ ಶನಿವಾರ ಪನೀರ್. ಮಲಗುವ ಮುಂಚೆ ಒಂದು ಲೋಟ ಹಾಲು. ದಿನಕ್ಕೆರಡು ಸಲ, ಹತ್ತತ್ತು ಬಾರಿ ಕುರ್ಚಿಯಿಂದ ಎದ್ದು ಕೂರುವುದು. ಇದಿಲ್ಲದೆ ಬರೀ ಊಟದಿಂದ ಆಗುವುದು ಅಷ್ಟಕ್ಕಷ್ಟೆ. ಇದಕ್ಕೂ ಮುಂಚೆ ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿದ್ದೆ. ಕಿಡ್ನಿ ಸರಿ ಇಲ್ಲದವರು ತಮ್ಮ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಮೂರು ತಿಂಗಳಿಗೆ ಬಂದಾಗ ಐದು ಸಲ ಏಳಲು 14 ಸೆಕೆಂಡ್. ತೂಕ ಒಂದೂವರೆ ಕಿಲೋ ಹೆಚ್ಚಿತ್ತು. ಅಜ್ಜಿಗೆ ಆ ಲೆಕ್ಕ ಬೇಕಿರಲಿಲ್ಲ. "ಈಗ ಬಸ್ಸಾರು ಮಾಡಿದ್ರೆ ಮಗ ಪಲ್ಯ ಸಾಲಲ್ಲ ಅಂತಾನೆ" ಅಂದು ನಕ್ಕರು.